ತಂತಿಗೆ ಹಾಕಿದ ಮೊದಲ ಹಾಳೆ

ಸೀಮೆಎಣ್ಣೆ, ಮುದ್ರಣದ ಮಸಿ, ಒದ್ದೆ ಕಾಗದ. ಈ ಮೂರೂ ಬೆರೆತ ವಾಸನೆ ನನ್ನ ಬಾಲ್ಯದ್ದು. ಕೆಂಗಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಪ್ರೆಸ್ ಇತ್ತು. ಕಾಲಿನಿಂದ ತುಳಿಯುವ ಒಂದೇ ಒಂದು ಯಂತ್ರ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಕಿರಾಣಿ ಅಂಗಡಿಯ ರಸೀದಿ ಪುಸ್ತಕ, ಎಲ್ಲವೂ ಅದರಲ್ಲೇ ಆಗಬೇಕು. ಸಂಜೆ ಅಪ್ಪ ಅಕ್ಷರದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವಾಗ ನಾನು ಪಕ್ಕದಲ್ಲಿ ಕೂತು ಒರೆಸಿಕೊಡುತ್ತಿದ್ದೆ. ಊಟಕ್ಕೆ ಕೂತರೂ ಆ ವಾಸನೆ ಕೈ ಬಿಡುತ್ತಿರಲಿಲ್ಲ.

ಅಪ್ಪನದೊಂದು ನಿಯಮವಿತ್ತು. ಯಾವ ಕೆಲಸವೇ ಇರಲಿ, ಯಂತ್ರದಿಂದ ಬಂದ ಮೊದಲ ಹಾಳೆಯನ್ನು ಗೋಡೆಯ ಮೇಲಿನ ತಂತಿಗೆ ಚುಚ್ಚಬೇಕು. ಹಿಂಬದಿಯಲ್ಲಿ ತೆಗೆದವರ ಹೆಸರಿನ ಮೊದಲ ಅಕ್ಷರ, ತಾರೀಖು.

"ಮೊದಲನೇ ಹಾಳಿ ಗಿರಾಕೀದಲ್ಲ, ತಂತೀದು," ಎನ್ನುತ್ತಿದ್ದರು. "ನಾಳೆ ಯಾರರ ಬಂದು ಹಿಂಗ್ಯಾಕಾತು ಅಂದ್ರ ನಮ್ಮ ಬಾಯಿ ಮಾತಾಡಬಾರದು, ತಂತಿ ಮಾತಾಡಬೇಕು."

ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತದ ಹೊತ್ತು ತಪ್ಪಾಗಿ ಬಿದ್ದಿತ್ತು. ಗಿರಾಕಿಗೆ ಗೊತ್ತಾಗಿರಲಿಲ್ಲ. ತಂತಿಯ ಹಾಳೆ ನೋಡಿ ಅಪ್ಪನಿಗೇ ಗೊತ್ತಾಯಿತು. ಎಲ್ಲವನ್ನೂ ಮತ್ತೆ ಮುದ್ರಿಸಿ, ಬಸ್ಸು ಹತ್ತಿ, ಬೀಗರ ಊರಿಗೇ ಹೋಗಿ ಕೊಟ್ಟು ಬಂದರು.

ನಾನು ರಸಾಯನಶಾಸ್ತ್ರ ಓದಿದೆ. ಕೊನೆಗೆ ಮುದ್ರಣದ ಕೆಲಸಕ್ಕೇ ಬಂದೆ. ಆದರೆ ನನ್ನ ಮಸಿ ಲೋಹದ್ದು, ನಾನು ಮುದ್ರಿಸಿದ್ದು ಅಣುಸ್ಥಾವರದ ಕೊಳವೆಗಳ ಮೇಲೆ.

ಕೆಂಗಟ್ಟಿಯ ಹೊರಗೆ ಸಣ್ಣ ಸ್ಥಾವರವೊಂದನ್ನು ಕಟ್ಟುವುದೆಂದು ತೀರ್ಮಾನವಾದಾಗ ನಮ್ಮ ಪ್ರಯೋಗಶಾಲೆಯ ಮುಂದೆ ಒಂದು ಪ್ರಶ್ನೆ ಇಟ್ಟರು. ಸ್ಥಾವರಕ್ಕೂ ನಮ್ಮ ಹಾಗೆ ಚರ್ಮವಿದ್ದರೆ ಹೇಗೆ? ಹಳೆಯ ಸ್ಥಾವರಗಳಲ್ಲಿ ಅಲ್ಲಲ್ಲಿ ತೂತು ಕೊರೆದು ತಾಪಮಾಪಕ ಇಳಿಸುತ್ತಿದ್ದರು. ಎರಡು ತೂತುಗಳ ನಡುವೆ ಎಲ್ಲಿ ಕಾವು ಏರಿದರೂ ತಿಳಿಯುತ್ತಿರಲಿಲ್ಲ. ಕೊಳವೆಯ ಮೈಮೇಲೇ ಕೂದಲೆಳೆಯಂಥ ಲೋಹದ ಗೆರೆಗಳನ್ನು ಮುದ್ರಿಸಿಬಿಟ್ಟರೆ, ಅಂಗೈ ಅಗಲದ ಪ್ರತಿ ಜಾಗವೂ ತನ್ನ ಜ್ವರವನ್ನು ತಾನೇ ಹೇಳಬಲ್ಲದು. ಲೋಹ ಕಾದಷ್ಟೂ ಅದರಲ್ಲಿ ವಿದ್ಯುತ್ತು ಹರಿಯುವುದು ಕಷ್ಟ. ಆ ಕಷ್ಟವನ್ನು ಅಳೆದರೆ ಕಾವು ತಿಳಿಯುತ್ತದೆ.

ಗೆರೆ ಎಳೆಯಲು ಮಸಿ ಬೇಕು. ಪ್ಲಾಟಿನಂ ಲವಣವನ್ನು ಪಾಕದಂಥ ದ್ರವದಲ್ಲಿ ಕರಗಿಸಿ ನಿಧಾನವಾಗಿ ಕಾಯಿಸುತ್ತಿದ್ದೆ. ಮೊದಲು ಹಳದಿ, ಆಮೇಲೆ ಕಂದು, ಮತ್ತೆ ಒಮ್ಮೆಲೇ ಕಪ್ಪು. ಕಪ್ಪಾದ ಗಳಿಗೆಯಲ್ಲಿ ಕಣಗಳು ಹುಟ್ಟಿದವೆಂದು ಅರ್ಥ. ಒಂದು ಕೂದಲಿನ ಅಗಲಕ್ಕೆ ಸಾಲಾಗಿ ಸಾವಿರಾರು ಕೂರಬಲ್ಲ ಕಣಗಳು. ಒಂದಕ್ಕೊಂದು ಅಂಟದಂತೆ ಅವುಗಳಿಗೆ ತೆಳುವಾದ ಕವಚ ತೊಡಿಸಬೇಕು. ಮುದ್ರಿಸಿದ ಮೇಲೆ ಕುಲುಮೆಯಲ್ಲಿ ಕಾಯಿಸಿದರೆ ಕವಚ ಸುಟ್ಟು, ಕಣಗಳು ಕೈಕೈ ಹಿಡಿದು ಗೆರೆಯಾಗುತ್ತವೆ.

ಬೆಳ್ಳಿಯಲ್ಲಿ ಇದೆಲ್ಲ ಎಷ್ಟೋ ಸುಲಭ, ಕಾವೂ ಕಡಿಮೆ ಸಾಕು. ಆದರೆ ಸ್ಥಾವರದೊಳಗೆ ಹಾರಾಡುವ ನ್ಯೂಟ್ರಾನುಗಳನ್ನು ಬೆಳ್ಳಿ ಬಲು ಬೇಗ ನುಂಗುತ್ತದೆ, ನುಂಗಿ ವರ್ಷಗಳ ಮೇಲೆ ಸ್ವಲ್ಪ ಸ್ವಲ್ಪವೇ ಕ್ಯಾಡ್ಮಿಯಂ ಆಗುತ್ತದೆ. ಹೊರಗಿನ ಪರಮಾಣು ಹೊಕ್ಕ ಗೆರೆಯಲ್ಲಿ ವಿದ್ಯುತ್ತು ಎಡವುತ್ತದೆ. ಜ್ವರವಿಲ್ಲದಿದ್ದರೂ ಗೆರೆ ಜ್ವರ ಎನ್ನುತ್ತದೆ. ಪ್ಲಾಟಿನಂ ಅಷ್ಟು ಬೇಗ ಬದಲಾಗುವುದಿಲ್ಲ. ನನ್ನ ವಹಿಯ ಮೊದಲ ಪುಟದಲ್ಲೇ ಬರೆದಿದ್ದೆ: "ಬೆಳ್ಳಿ ಯಾವ ಕಾರಣಕ್ಕೂ ಬೇಡ."

ಆ ಪುಟವನ್ನು ನನ್ನಷ್ಟೇ ಸಲ ಓದಿದ್ದವಳು ವತ್ಸಲಾ. ಇಪ್ಪತ್ತಾರು ವರ್ಷ ಒಂದೇ ಮೇಜಿನ ಆಚೀಚೆ ಕೂತು ಕೆಲಸ ಮಾಡಿದೆವು. ಮಧ್ಯಾಹ್ನ ಅವಳ ಡಬ್ಬಿಯನ್ನು ನಾನು ತೆರೆಯುತ್ತಿದ್ದೆ, ನನ್ನದನ್ನು ಅವಳು. ಅವಳ ಮನೆಯ ಮೆಂತ್ಯದ ಹಿಟ್ಟು ನನಗೆ ಇಷ್ಟವೆಂದು ವಾರಕ್ಕೆ ಮೂರು ದಿನ ಅದೇ ಇರುತ್ತಿತ್ತು. ಅಪ್ಪನ ನಿಯಮವನ್ನು ನಾನು ಪ್ರಯೋಗಶಾಲೆಗೆ ತಂದಾಗ ಎಲ್ಲರೂ ನಕ್ಕರು, ವತ್ಸಲಾ ನಗಲಿಲ್ಲ. ಪ್ರತಿ ಸಲ ಹೊಸ ಮಸಿ ಮಾಡಿದಾಗಲೂ ಮೊದಲ ಮುದ್ರೆಯನ್ನು ಅಂಗೈಯಗಲದ ಅಭ್ರಕದ ಹಾಳೆಯ ಮೇಲೆ ತೆಗೆದು, ಹಿಂದೆ ಅಕ್ಷರ ಗೀರಿ, ತಂತಿಗೆ ಹಾಕುತ್ತಿದ್ದೆವು. 'ದಾ' ಎಂದರೆ ದಾನಮ್ಮ, ನಾನು. 'ವ' ಎಂದರೆ ಅವಳು.

ಹತ್ತೊಂಬತ್ತು ಮಸಿಗಳು ಮುಗಿದಾಗ ತೊಡಕಾಯಿತು. ಅಲ್ಲಿಯವರೆಗಿನ ಕೊಳವೆಗಳನ್ನು ಜೋಡಿಸುವ ಮೊದಲೇ ಮುದ್ರಿಸಿ ಕುಲುಮೆಯಲ್ಲಿ ಕಾಯಿಸಿದ್ದೆವು. ಉಳಿದವನ್ನು ಕಟ್ಟಡದವರು ಆತುರದಲ್ಲಿ ಬೆಸುಗೆ ಹಾಕಿ ಕೂರಿಸಿಬಿಟ್ಟಿದ್ದರು. ಕೂತಲ್ಲೇ ಅಷ್ಟು ಕಾವು ಕೊಡಲಾಗದು. ಬಿಚ್ಚಿ ಕೊಡಿ ಎಂದೆ. ಮೂರು ತಿಂಗಳು ತಡವಾಗುತ್ತದೆಂದರು. ಆಗಲಿ ಎಂದೆ. ಅದೇ ವಾರ ಅವ್ವನಿಗೆ ಪಾರ್ಶ್ವವಾಯು ಬಡಿಯಿತು.

ಇಪ್ಪತ್ತೊಂದು ದಿನ ಆಸ್ಪತ್ರೆಯಲ್ಲಿದ್ದೆ. ಒಂದು ದಿನವೂ ತಪ್ಪದೆ ವತ್ಸಲಾಳ ಡಬ್ಬಿ ಬಂತು, ಕಾಲೊನಿಯ ಬಸ್ಸಿನ ಡ್ರೈವರ್ ಕೈಯಲ್ಲಿ. ಅವ್ವನಿಗೆ ಬೇರೆ, ಮೆತ್ತಗೆ ಮಾಡಿದ ಗಂಜಿ. ಮುಚ್ಚಳಕ್ಕೆ ಚೀಟಿ ಅಂಟಿಸಿರುತ್ತಿದ್ದಳು: "ಇಲ್ಲಿದು ನಾ ನೋಡ್ಕೋತೇನಿ. ನೀ ಅವ್ವನ್ನ ನೋಡ್ಕೋ."

ನಾನು ಮರಳಿದಾಗ ಇನ್ನೂ ಮೂವತ್ತೈದು ಮಸಿ ತಯಾರಾಗಿ, ಎಲ್ಲ ಕೊಳವೆಗಳ ಮೇಲೂ ಮುದ್ರಣ ಮುಗಿದಿತ್ತು.

"ಕವಚ ಬದಲಿ ಮಾಡಿದೆ," ಅಂದಳು. "ಇದು ಕಡಿಮಿ ಕಾವಿಗೇ ಸುಟ್ಟು ಹೋಗ್ತದ. ಮೊದಲನೇ ಹಾಳಿಗಳನ್ನೂ ತಂತಿಗೆ ಹಾಕೀನಿ ನೋಡು."

ತಂತಿಯ ಕಡೆ ನೋಡಿದೆ. ಹಾಳೆಗಳು ತೂಗುತ್ತಿದ್ದವು. ಸಾಲಾಗಿ, ಹೊಳೆಯುತ್ತ. ನನಗೆ ಅಷ್ಟೇ ಸಾಕಾಯಿತು. ಆ ಮೂವತ್ತೈದರ ಪ್ರಮಾಣಪತ್ರಗಳಿಗೂ ನಾನು ಸಹಿ ಹಾಕಿದೆ. ಮಸಿಯ ಜವಾಬ್ದಾರಿ ನನ್ನದಾಗಿತ್ತು.

ಸ್ಥಾವರ ಶುರುವಾಯಿತು. ವಿದ್ಯುತ್ತು ದೂರದ ಊರುಗಳಿಗೆ ಹೋಯಿತು, ಉಳಿದ ಕಾವಿನಿಂದ ಮಾಡಿದ ಉಗಿ ಕೊಳವೆಯಲ್ಲಿ ಕೆಂಗಟ್ಟಿಯ ಓಣಿಗಳಿಗೆ ಬಂತು. ಊರು ತುಂಬ ನೇಕಾರರು. ನೂಲಿಗೆ ಬಣ್ಣ ಹಾಕಲು ಕಟ್ಟಿಗೆ ಒಟ್ಟುವುದು ತಪ್ಪಿತು. ಅಪ್ಪನ ಪ್ರೆಸ್ ಇದ್ದ ಪಡಸಾಲೆಯನ್ನು ಕಾಶವ್ವನಿಗೆ ಬಾಡಿಗೆಗೆ ಕೊಟ್ಟಿದ್ದೆ. ಅವಳು ಅಲ್ಲಿ ಬಣ್ಣದ ಮನೆ ಹಾಕಿ ಆರು ಹೆಂಗಸರಿಗೆ ಕೆಲಸ ಕೊಟ್ಟಳು. ಬೆಳಿಗ್ಗೆ ಆರಕ್ಕೆ ಉಗಿಯ ನಲ್ಲಿ ಸುಂಯ್ ಎಂದರೆ ಓಣಿಯ ಬೆಳಗಾಗುತ್ತಿತ್ತು. ಕಾಶವ್ವನ ಬೆರಳುಗಳು ಉಗುರಿನ ಬುಡದವರೆಗೂ ನೀಲಿ. "ಮದಿವ್ಯಾಗ ಮೆಹಂದಿ ಹಚ್ಚಾಕ ಬಂದಾಕಿ ನನ್ನ ಕೈ ನೋಡಿ ಓಡಿ ಹೋದಳ್ರಿ ಅಕ್ಕಾರ," ಎಂದು ತಾನೇ ನಗುತ್ತಿದ್ದಳು.

ಐದಾರು ವರ್ಷಕ್ಕೆ, ಕೊಳವೆಗಳ ಮೇಲೆ ನಾವು ಮುದ್ರಿಸಿದ ಗೆರೆಗಳ ಪಟ್ಟಿಗಳು ಕಾವನ್ನು ಹೆಚ್ಚಾಗಿ ತೋರಿಸತೊಡಗಿದವು. ಮೊದಲು ಎರಡು ಡಿಗ್ರಿ, ಆಮೇಲೆ ಐದು. ಸ್ಥಾವರದಲ್ಲಿ ಅವಕ್ಕೆ 'ದಾನಮ್ಮನ ಬಾಯಿಬಡಕರು' ಎಂದು ಹೆಸರಾಯಿತು. ನಾನು ಎರಡು ವರ್ಷ ಕಾರಣ ಹುಡುಕಿದೆ. ಉಳಿದ ಮಸಿಯನ್ನು ಪರೀಕ್ಷಿಸೋಣವೆಂದರೆ ನನ್ನ ಹಳೆಯ ಬಾಟಲಿಗಳಷ್ಟೇ ಇದ್ದವು. ವತ್ಸಲಾ ಮಾಡಿದ ಮಸಿಯ ಬಾಟಲಿಗಳನ್ನು ಆಗಲೇ ತೊಳೆದು ಬೋರಲು ಹಾಕಿದ್ದಳು. ಎಷ್ಟು ಚೊಕ್ಕಟ ಇವಳು ಎಂದುಕೊಂಡಿದ್ದೆ.

"ಬಿಡ ದಾನಿ, ನಿನ್ನ ತಪ್ಪಲ್ಲ," ಎನ್ನುತ್ತಿದ್ದಳು. ಡಬ್ಬಿ ನನ್ನ ಕಡೆ ಸರಿಸುತ್ತಿದ್ದಳು.

ಅವಧಿಗೆ ಒಂದು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡೆ. ಏನು ಬೇಕು ಎಂದು ಕೇಳಿದಾಗ ತಂತಿಯನ್ನು ಕೇಳಿದೆ. ಮನೆಗೆ ತಂದು, ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಗೆ ತೂಗು ಹಾಕಿ, ಮೇಲೊಂದು ಹಳೆಯ ಸೀರೆಯ ತುಂಡು ಹೊದಿಸಿದೆ. ನೋಡಲು ಮನಸ್ಸಾಗುತ್ತಿರಲಿಲ್ಲ.

ನಾಲ್ಕು ವರ್ಷವಾದ ಮೇಲೆ, ಈ ಸಲದ ದಸರೆಗೆ ಮುಂಚೆ, ಸ್ಥಾವರದಿಂದ ಕರೆ ಬಂತು. ಬರುವ ಸೋಮವಾರ ಶಕ್ತಿಯನ್ನು ಇನ್ನೂ ಏರಿಸುತ್ತಾರೆ, ಹಳಬರೆಲ್ಲ ಒಮ್ಮೆ ಬಂದು ನೋಡಿ ಹೋಗಲಿ ಎಂದು. ನಿಯಂತ್ರಣ ಕೊಠಡಿಯಲ್ಲಿ ಇಲಿಯಾಸ್ ಎಂಬ ಪಾಳಿಯ ಎಂಜಿನಿಯರ್ ನನಗೆ ತನ್ನ ಕುರ್ಚಿ ಬಿಟ್ಟುಕೊಟ್ಟು, ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಎದುರಿನ ಗೋಡೆಯ ತುಂಬ ನನ್ನ ಪಟ್ಟಿಗಳು, ನಾಲ್ಕು ಸಾವಿರ ಚುಕ್ಕೆಗಳಾಗಿ ಮಿನುಗುತ್ತಿದ್ದವು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಮ್," ಅಂದ. "ನಿಮ್ಮ ಪಟ್ಟಿ ನಮ್ಮ ದಾದಿ, ಅಂದ್ರ ನಮ್ಮಜ್ಜಿ, ಇದ್ದಂಗ. ಮೈ ಮುಟ್ಟಿದ್ರ ಸಾಕು, ಜ್ವರ ಬಂದೈತಿ ಅಂತಾವ. ಅದಕ್ಕ ಹನ್ನೊಂದು ಡಿಗ್ರಿ ಕಳದು ನೋಡ್ತೀವಿ."

"ಎಲ್ಲಾ ಪಟ್ಟಿಯಿಂದಾನೂ?"

"ಎಲ್ಲಾದರಿಂದಾನೂ. ಕಂಪ್ಯೂಟರ್ ತಾನ ಕಳೀತೈತಿ. ವತ್ಸಲಾ ಮೇಡಮ್ಮಾರ ಸೂತ್ರ."

ನಾನೂ ನಕ್ಕೆ. ನಗದಿದ್ದರೆ ಆ ಹುಡುಗ ನೊಂದುಕೊಳ್ಳುತ್ತಿದ್ದ.

ಮರುದಿನ ಹಬ್ಬದ ಸ್ವಚ್ಛತೆಗೆಂದು ತಂತಿಯನ್ನು ಕೆಳಗಿಳಿಸಿದೆ. ಸೀರೆಯ ತುಂಡು ತೆಗೆದರೆ ಮೊದಲ ಹತ್ತೊಂಬತ್ತು ಹಾಳೆಗಳು ಹಾಗೇ ಹೊಳೆಯುತ್ತಿದ್ದವು. ಇಪ್ಪತ್ತನೆಯದರಿಂದ ಕೊನೆಯವರೆಗೆ ಎಲ್ಲವೂ ಕಪ್ಪಾಗಿದ್ದವು. ಬೂಷ್ಟು ಇರಬಹುದೆಂದು ಒರೆಸಿದೆ. ಹೋಗಲಿಲ್ಲ.

ಉಪ್ಪು ಕೇಳಲು ಬಂದ ಕಾಶವ್ವ ಬಗ್ಗಿ ನೋಡಿದಳು.

"ಬೆಳ್ಳಿ ಸಾಮಾನು ಹಿಂಗ ಬಯಲಾಗ ಇಡತಾರೇನ್ರಿ ಅಕ್ಕಾರ? ನಮ್ಮ ಹೈಡ್ರೋಸ್ ವಾಸನಿಗೆ ಬೆಳ್ಳಿ ಉಳಿಯೂದಿಲ್ಲ. ನನ್ನ ಕಾಲುಂಗುರ ನೋಡ್ರಿ, ಕಬ್ಬಣ ಆಗ್ಯಾವ."

ನೀಲಿ ಬಣ್ಣದ ಹಂಡೆಗೆ ಹಾಕುವ ಆ ಪುಡಿಯ ಗಂಧಕದ ವಾಸನೆ ನಾಲ್ಕು ವರ್ಷದಿಂದ ಆ ಗೋಡೆ ದಾಟಿ ಬರುತ್ತಿತ್ತು.

"ಇದು ಬೆಳ್ಳಿ ಅಲ್ಲ ಕಾಶವ್ವ. ಪ್ಲಾಟಿನಂ. ಅದು ಕಪ್ಪಾಗೂದಿಲ್ಲ."

ಅವಳು ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯನ್ನು ತಂದು, ಉಗುರಿನಿಂದ ಒಂದಿಷ್ಟು ಕೆರೆದು, ಇಪ್ಪತ್ತನೆಯ ಹಾಳೆಯ ಮೇಲೆ ಹೆಬ್ಬೆರಳಿನಿಂದ ತಿಕ್ಕಿದಳು. ಕಪ್ಪು ಎದ್ದು ಹೋಗಿ ಬೆಳ್ಳಗಿನ ಗೆರೆ ಕಾಣಿಸಿತು.

"ಮತ್ತಿದೇನ್ರಿ?" ಅಂದಳು.

ಹಾಳೆಯನ್ನು ತಿರುಗಿಸಿದೆ. ಹಿಂದೆ 'ವ' ಎಂದಿತ್ತು. ಮುಂದಿನದರ ಹಿಂದೆಯೂ 'ವ'. ಕಪ್ಪಾದ ಮೂವತ್ತೈದರ ಹಿಂದೆಯೂ ಅದೇ ಅಕ್ಷರ, ನೀಟಾಗಿ, ನಾನು ಕಲಿಸಿದ ಹಾಗೆ ಎಡ ಮೂಲೆಯಲ್ಲಿ. ನಾನು ಅಲ್ಲೇ ನೆಲದ ಮೇಲೆ ಕೂತೆ. ಏನೆಂದು ಕೇಳದೆ ಕಾಶವ್ವ ನೀರು ತಂದಿಟ್ಟಳು.

ಕೂತಲ್ಲೇ ಇನ್ನೊಂದು ಹೊಳೆಯಿತು. ಅದು ಮೊದಲಿನದಕ್ಕಿಂತ ಕೆಟ್ಟದ್ದು. ಬೆಳ್ಳಿ ಬೆರೆತ ಪಟ್ಟಿಗಳು ಹನ್ನೊಂದು ಹೆಚ್ಚು ಹೇಳುತ್ತವೆ, ಅಲ್ಲಿ ಕಳೆದರೆ ಸರಿಹೋಗುತ್ತದೆ. ಆದರೆ ಮೊದಲ ಹತ್ತೊಂಬತ್ತು ಮಸಿಗಳ ಪಟ್ಟಿಗಳು ಇವತ್ತಿಗೂ ನಿಜ ಹೇಳುತ್ತಿವೆ. ಅವುಗಳಿಂದಲೂ ಹನ್ನೊಂದು ಕಳೆಯುತ್ತಿದ್ದಾರೆ. ಅಲ್ಲೆಲ್ಲೋ ನಿಜವಾಗಿ ಕಾವು ಏರಿದ್ದರೆ ಯಾರಿಗೂ ಕಾಣುವುದಿಲ್ಲ. ಸೋಮವಾರ ಇನ್ನೂ ಏರಿಸುತ್ತಾರೆ.

ಅಂದು ಬುಧವಾರ. ಮಧ್ಯಾಹ್ನ ಪ್ರಯೋಗಶಾಲೆಗೆ ಹೋದೆ. ಈಗ ವತ್ಸಲಾಳೇ ಅದರ ಮುಖ್ಯಸ್ಥೆ. ಊಟಕ್ಕೆ ಕೂತಿದ್ದಳು. ನನ್ನನ್ನು ಕಂಡದ್ದೇ ಇನ್ನೊಂದು ಕುರ್ಚಿ ಎಳೆದು, ರೂಢಿಯಂತೆ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ನಾನು ಅದರ ಪಕ್ಕದಲ್ಲಿ ಇಪ್ಪತ್ತನೆಯ ಹಾಳೆಯನ್ನು ಇಟ್ಟೆ.

"ಬೆಳ್ಳಿ ಎಷ್ಟು ಹಾಕಿದಿ?"

ಅವಳ ಕೈ ತುತ್ತಿನ ಮೇಲೆ ನಿಂತಿತು.

"ಮೂರರಾಗ ಒಂದು ಪಾಲು."

ಸುಳ್ಳು ಹೇಳಲಿಲ್ಲ. ಅದಕ್ಕೂ ಒಂದು ಗಳಿಗೆ ನನಗೆ ಅವಳ ಮೇಲೆ ಅಕ್ಕರೆ ಬಂತು. ಎಂಥ ಅಭ್ಯಾಸ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ. ಮ್ಯಾಲಿನವರು ದಿನಾ ಆತೇನು, ಆತೇನು ಅಂತ ಕೇಳೋರು. ನಿನ್ನ ಅವ್ವ ಹಾಸಿಗಿ ಹಿಡದಿದ್ದಳು, ನಿನಗ ಹೆಂಗ ಕೇಳಲಿ? ಹತ್ತು ವರ್ಷದಾಗ ಪಟ್ಟಿ ಬದಲಿ ಮಾಡ್ತಾರ, ಅಲ್ಲೀತನಕ ನಡೀತದ ಅಂದ್ಕೊಂಡೆ. ನಡೀಲಿಲ್ಲ."

"ಎರಡು ವರ್ಷ ನಾ ಹುಡುಕಿದೆ, ವತ್ಸಲಾ. ನೀ ಎದುರಿಗೆ ಕೂತಿದ್ದಿ."

"ಕೂತಿದ್ದೆ."

"ಬಾಟಲಿ ತೊಳದಿ."

"ತೊಳದೆ."

"ಮತ್ತ ತಂತಿಗೆ ಯಾಕ ಹಾಕಿದಿ?"

ಈ ಪ್ರಶ್ನೆಗೆ ಮಾತ್ರ ಅವಳ ಕಣ್ಣು ತುಂಬಿತು. "ಹಾಕಬೇಕಲ್ಲ," ಅಂದಳು. "ನೀನ ಕಲಿಸಿದ್ದಿ. ಕೈಗೆ ರೂಢಿ ಆಗಿತ್ತು."

ನಿಜ ಹೇಳುವ ಪಟ್ಟಿಗಳಿಂದಲೂ ಕಳೆಯುತ್ತಿರುವುದನ್ನು ವಿವರಿಸಿದೆ. ಅವಳಿಗೆ ವಿವರಿಸಬೇಕಾಗಿರಲಿಲ್ಲ. "ಸೋಮವಾರಕ್ಕಿಂತ ಮೊದಲ ನೀನ ಹೋಗಿ ಹೇಳು," ಅಂದೆ. "ನಾ ಹೇಳೂದಕ್ಕಿಂತ ನೀ ಹೇಳಿದ್ರ ನಿನಗೂ ಚಲೋ."

"ಹೇಳ್ತೇನಿ. ಎರಡು ದಿನ ಕೊಡು."

ಕೊಟ್ಟೆ. ಆ ಎರಡು ದಿನ ನಾನು ಅವಳ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಹಳೆಯ ಡಬ್ಬಿಗಳನ್ನು ನೆನೆಸಿಕೊಂಡೆ. ಬೆಳಿಗ್ಗೆ ಅವ್ವನಿಗೆ ಗಂಜಿ ಕಾಯಿಸಿ ಕಳಿಸಿದ ಕೈ, ಮಧ್ಯಾಹ್ನ ನನ್ನ ಮಸಿಗೆ ಬೆಳ್ಳಿ ಬೆರೆಸಿತ್ತು. ಅವ್ವ ತಿಂದು ಮತ್ತಷ್ಟು ವರ್ಷ ಬದುಕಿದ ಆ ಗಂಜಿಯನ್ನು ಈಗ ನಾನು ಯಾವ ಕಡೆ ಇಡಲಿ?

ಶನಿವಾರ ಬೆಳಿಗ್ಗೆ ಸ್ಥಾವರಕ್ಕೆ ಫೋನ್ ಮಾಡಿದೆ. ಸೋಮವಾರದ ಕೆಲಸದಲ್ಲಿ ಬದಲಾವಣೆ ಏನೂ ಇಲ್ಲವೆಂದರು. ತಂತಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಗೇಟಿನ ಕಾವಲುಗಾರ ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲವನು. ಎದ್ದು ನಿಂತ, ನಮಸ್ಕಾರ ಮಾಡಿದ, ಕದ ಮಾತ್ರ ತೆಗೆಯಲಿಲ್ಲ.

"ಒಳಗ ಬಿಡಬಾರದು ಅಂತ ಹೇಳ್ಯಾರ್ರಿ," ಅಂದ, ನೆಲ ನೋಡುತ್ತ.

"ಯಾರು?"

"ವತ್ಸಲಾ ಮೇಡಮ್ಮಾರು. ನಿಮಗ ಈಗೀಗ ಮರುವು ಜಾಸ್ತಿ ಆಗೈತಂತ, ಏನೇನರ ಮಾತಾಡ್ತೀರಿ ಅಂತ. ಬಂದ್ರ ಸಮಾಧಾನ ಮಾಡಿ, ರಿಕ್ಷಾ ಹತ್ತಿಸಿ ಕಳಸ್ರಿ ಅಂದಾರ."

ಮಸಿಗೆ ಬೆಳ್ಳಿ ಬೆರೆಸಿದ್ದನ್ನು ನಾನು ಎಂದಾದರೂ ಮರೆಯಬಹುದಿತ್ತು. ಇದು ಬೇರೆ. ನನಗೆ ಮರೆವು ಎಂದು ಊರಿಗೆ ಹೇಳಿದವಳು, ನಾನು ಏನನ್ನೂ ಮರೆಯದವಳೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು.

ಕಾವಲುಗಾರ ತನ್ನ ಕುರ್ಚಿಯನ್ನು ನೆರಳಿಗೆ ಎಳೆದು ಕೊಟ್ಟ. ರಿಕ್ಷಾ ಕರೆಯಲಿಲ್ಲ. "ಇಲಿಯಾಸ್ ಸಾಹೇಬ್ರ ಪಾಳಿ ಈಗ ಶುರು ಆಗತೈತ್ರಿ," ಎಂದು ರಸ್ತೆಯ ಕಡೆ ನೋಡಿಕೊಂಡು ಹೇಳಿದ, ನನಗಲ್ಲ ಎಂಬಂತೆ.

ಇಲಿಯಾಸ್ ಬೈಕಿನಿಂದ ಇಳಿದಾಗ ಗೇಟಿನ ಕಲ್ಲುಹಾಸಿನ ಮೇಲೆ ಹಾಳೆಗಳನ್ನು ಹರಡಿದೆ. ಕಾಶವ್ವನ ವಿಭೂತಿಯ ಚೂರು ಸೆರಗಿನ ಗಂಟಿನಲ್ಲಿತ್ತು. ಒಂದು ಕಪ್ಪು ಹಾಳೆಯನ್ನು ಅವನ ಕೈಯಿಂದಲೇ ತಿಕ್ಕಿಸಿದೆ. ಅವನು ತಿಕ್ಕಿದ, ನೋಡಿದ, ಇನ್ನೊಂದನ್ನು ತಿಕ್ಕಿದ. ನಗುವ ಹುಡುಗನ ಮುಖ ಬಿಳುಚಿಕೊಂಡಿತು.

"ಒಂದರಿಂದ ಹತ್ತೊಂಬತ್ತರ ಪಟ್ಟಿಗೆ ಏನೂ ಕಳೀಬ್ಯಾಡ," ಅಂದೆ. "ಇದ್ದದ್ದು ಇದ್ದಂಗ ನೋಡು. ಅಷ್ಟ ಸಾಕು. ನನಗ ಮರುವಿದ್ರ ಏನೂ ಕಾಣಸೂದಿಲ್ಲ, ನಕ್ಕು ಸುಮ್ಮನಾಗು."

ಇಪ್ಪತ್ತು ನಿಮಿಷವಾಗಿರಬೇಕು. ಅವನು ಓಡುತ್ತ ಬಂದ. ಏಳನೆಯ ಸುತ್ತಿನ ತಿರುವಿನಲ್ಲಿ ಕೊಳವೆಯೊಳಗೆ ಏನೋ ಕಟ್ಟಿಕೊಂಡಿರಬೇಕು. ಅಲ್ಲಿ ಹನ್ನೆರಡನೆಯ ಮಸಿ, ನಾನು ಮಾಡಿದ್ದು. ಮುನ್ನೂರ ಇಪ್ಪತ್ತು ಡಿಗ್ರಿ ದಾಟಬಾರದ ಜಾಗ. ಪರದೆಯ ಮೇಲೆ ಮುನ್ನೂರ ಹನ್ನೆರಡು ಎಂದು ತಣ್ಣಗೆ ಕೂತಿತ್ತು. ನಿಜವಾದದ್ದು ಮುನ್ನೂರ ಇಪ್ಪತ್ತಮೂರು.

"ಸೋಮವಾರ ಏರಿಸಿದ್ದರ ಕೊಳವಿ ಸೀಳತಿತ್ತು, ಮೇಡಮ್," ಅಂದ. ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ಬೇಡವೆಂದೆ. "ಹೋಗು, ನಿಲ್ಲಸು."

ಸೈರನ್ ಒಂದೇ ಸಲ ಕೂಗಿತು. ಬಸ್ಸಿನಲ್ಲಿ ನಾನು ಮನೆ ಮುಟ್ಟುವಷ್ಟರಲ್ಲಿ ಊರಿನ ಉಗಿ ನಿಂತಿತ್ತು.

ಪಡಸಾಲೆಯಲ್ಲಿ ಕಾಶವ್ವ ಹಂಡೆಯ ಮುಂದೆ ನಿಂತಿದ್ದಳು. ಅರ್ಧ ಬಣ್ಣ ಹಿಡಿದ ನೂಲಿನ ಲಡಿಗಳು ತಣ್ಣಗಾಗುತ್ತಿದ್ದವು. ಇನ್ನು ಅವು ಪಟ್ಟೆಪಟ್ಟೆಯಾಗುತ್ತವೆ, ಯಾವ ನೇಕಾರನೂ ಮುಟ್ಟುವುದಿಲ್ಲ.

"ಉಗಿ ಯಾವಾಗ ಬರತೈತ್ರಿ ಅಕ್ಕಾರ?"

"ಗೊತ್ತಿಲ್ಲ ಕಾಶವ್ವ. ವರ್ಷ ಆಗಬಹುದು." ಸುಮ್ಮನಿರಬಹುದಿತ್ತು. ಆದರೆ ಆ ವಾರ ನನಗೆ ಸುಮ್ಮನಿರುವವರು ಸಾಕಾಗಿದ್ದರು. "ನಾನ ಹೋಗಿ ನಿಲ್ಲಸೀನಿ. ಅವತ್ತ ನೀ ವಿಭೂತಿ ಹಚ್ಚಿ ತಿಕ್ಕಿದಿಯಲ್ಲ, ಅದನ್ನ ತೋರಿಸಿ."

ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಆಮೇಲೆ ನಡುವಿನ ಕದ ಮುಚ್ಚಿದಳು.

ಪತ್ರಿಕೆಯಲ್ಲಿ 'ನಿವೃತ್ತ ವಿಜ್ಞಾನಿಯ ಮಸಿಯಲ್ಲಿ ದೋಷ' ಎಂದು ಬಂತು. ಪ್ರಮಾಣಪತ್ರಗಳ ಮೇಲಿದ್ದದ್ದು ನನ್ನ ಸಹಿ ತಾನೆ. ವಿಚಾರಣೆಯಲ್ಲಿ ವತ್ಸಲಾ, "ಸಹಿ ಯಾರದು ಅನ್ನೋದನ್ನ ಮೊದಲು ನೋಡ್ರಿ," ಎಂದಳಂತೆ. ನನ್ನ ಸರದಿ ಬಂದಾಗ ತಂತಿಯನ್ನು ಮೇಜಿನ ಮೇಲಿಟ್ಟೆ. ಸಹಿ ನನ್ನದೇ ಎಂದೆ, ನೋಡದೆ ಹಾಕಿದ್ದೂ ನನ್ನ ತಪ್ಪೇ ಎಂದೆ. ಹಾಳೆಗಳ ಹಿಂಬದಿಯನ್ನು ಅವರೇ ತಿರುಗಿಸಿ ನೋಡಿದರು. ವರದಿಯಲ್ಲಿ ಎರಡೂ ಹೆಸರು ಬಂದವು, ಅಕ್ಕಪಕ್ಕದಲ್ಲಿ, ಮೊದಲಿನಂತೆ. ಹೊರಗೆ ಬರುವಾಗ ವರಾಂಡದ ಬೆಂಚಿನ ಮೇಲೆ ಅವಳಿದ್ದಳು. ಮಡಿಲಲ್ಲಿ ಡಬ್ಬಿ ಇತ್ತು. ನಾನು ನಿಲ್ಲಲಿಲ್ಲ. ಅವಳೂ ಕರೆಯಲಿಲ್ಲ.

ಬೆಳಿಗ್ಗೆ ಆರರ ಸುಂಯ್ ಇಲ್ಲದೆ ಓಣಿ ತಡವಾಗಿ ಏಳುತ್ತಿತ್ತು. ಕಾಶವ್ವನ ಆರು ಹೆಂಗಸರಲ್ಲಿ ಇಬ್ಬರು ಬೇರೆ ಊರಿಗೆ ಹೋದರು, ಉಳಿದವರು ಹೊಲದ ಕೆಲಸಕ್ಕೆ. ಕಟ್ಟಿಗೆ ಒಟ್ಟಿ ಒಂದು ಹಂಡೆಯನ್ನಾದರೂ ನಡೆಸಲು ಅವಳು ನೋಡಿದಳು. ಕಾವು ಒಂದೇ ಸಮ ನಿಲ್ಲದೆ ಬಣ್ಣ ಕೆಟ್ಟಿತು, ಬಿಟ್ಟಳು. ಅಂಗಡಿಯಲ್ಲಿ ಜನ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಸೀಳದೇ ಉಳಿದ ಕೊಳವೆ ಯಾರಿಗೂ ಕಾಣುವುದಿಲ್ಲ, ಆರಿದ ಹಂಡೆ ಎಲ್ಲರಿಗೂ ಕಾಣುತ್ತದೆ. ಅವರನ್ನು ದೂರಲಾರೆ. ಎರಡು ತಿಂಗಳು ನಡುವಿನ ಕದ ಮುಚ್ಚಿಯೇ ಇತ್ತು.

ನಿನ್ನೆ ಮಧ್ಯಾಹ್ನ ಆ ಕದದ ಅಗುಳಿ ಸರಿದ ಸದ್ದಾಯಿತು. ತಂತಿ ವಿಚಾರಣೆಯವರ ಬಳಿಯೇ ಉಳಿದಿತ್ತು, ನಾನು ಖಾಲಿ ಗೋಡೆಯ ಮೊಳೆಗೆ ಬೆನ್ನು ಮಾಡಿ ಕೂತಿದ್ದೆ. ಒಲೆ ಹಚ್ಚಿರಲಿಲ್ಲ. ಒಬ್ಬಳಿಗಾಗಿ ಹಚ್ಚಲು ಆ ದಿನ ಮನಸ್ಸಾಗಿರಲಿಲ್ಲ. ಗೋಡೆಯಾಚೆ ಅದು ಹೇಗೆ ತಿಳಿಯಿತೋ.

ಕಾ‌ಶವ್ವ ಒಳಗೆ ಬಂದಳು. ಕೈಯಲ್ಲಿ ತಾಟು. ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ, ಅಂಚಿನಲ್ಲಿ ಚೂರು ಬೆಲ್ಲ. ನನ್ನ ಮುಖ ನೋಡಲಿಲ್ಲ. ತಾಟನ್ನು ನನ್ನ ಎರಡೂ ಕೈಗಳಲ್ಲಿ ಇಟ್ಟು, ನಾನು ಗಟ್ಟಿಯಾಗಿ ಹಿಡಿದೆನೆಂದು ತಿಳಿಯುವವರೆಗೆ ಬಿಡದೆ ನಿಂತಳು. ಅವಳ ಬೆರಳುಗಳಲ್ಲಿ ನೀಲಿ ಉಳಿದಿರಲಿಲ್ಲ.